ಮುಂದಿನ ಹಡಗಿಗೆ ಹೊರಟವರು ಇದನ್ನೊಮ್ಮೆ ಓದಿ

ಡನೀಡಿನ್, ನ್ಯೂಜಿಲ್ಯಾಂಡ್, ಡಿಸೆಂಬರ್ 1848. ಫಿಲಿಪ್ ಲೈಂಗ್ ಹಡಗಿನಲ್ಲಿ ಸ್ಕಾಟ್ಲೆಂಡಿನಿಂದ ಬಂದ ಬಡಗಿಯೊಬ್ಬರ ಹೆಂಡತಿ ಊರಿನವರಿಗೆ ಬರೆದಂತೆ. ಹೇಳುವ ಹೆಂಗಸು ಕಲ್ಪನೆ. ಹಡಗು, ಊರು, ತಾರೀಕು ಕಲ್ಪನೆಯಲ್ಲ.

ಸೆಪ್ಟೆಂಬರಿನಲ್ಲಿ ಬ್ಲಂಡೆಲ್ ಹಡಗು ಬಂತು. ಅದರಲ್ಲಿ ಊರಿನ ಕಾಗದಗಳೂ ಬಂದವು. ಎಲ್ಲರದ್ದೂ ಒಂದೇ ಪ್ರಶ್ನೆ. ಸಮುದ್ರ ಹೇಗಿತ್ತು? ಅಲೆ ಎಷ್ಟೆತ್ತರ ಬರುತ್ತೆ? ಹಡಗು ಮುಳುಗಿಯೇ ಹೋಯಿತು ಅನ್ನಿಸಿತ್ತಾ?

ಸಮುದ್ರದ ವಿಷಯ ಹೇಳುತ್ತೇನೆ. ಆದರೆ ನಮ್ಮನ್ನು ಹಣ್ಣು ಮಾಡಿದ್ದು ಕಾಯುವ ಕೆಲಸ. ಹೊರಡುವ ಮೊದಲು ಕಾದೆವು. ಹೊರಟ ಮೇಲೂ ಕಾದೆವು. ಇಲ್ಲಿ ಬಂದು ಲಂಗರು ಹಾಕಿದ ಮೇಲೆ ಇನ್ನೂ ಜಾಸ್ತಿ ಕಾದೆವು. ಕೈಯಲ್ಲಿದ್ದ ದುಡ್ಡು, ಒಣ ಬಟ್ಟೆ, ತಾಳ್ಮೆ ಎಲ್ಲ ಖರ್ಚಾಗಿದ್ದು ಆಗಲೇ. ಹೊರಡುವವರಿಗೆ ಕೊಡುವ ಪಟ್ಟಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಯಾಕೆ ಹೊರಟೆವು ಅನ್ನೋದು ನಿಮಗೆ ಗೊತ್ತೇ ಇದೆ. 1843ರಲ್ಲಿ ನಾನ್ನೂರಕ್ಕೂ ಹೆಚ್ಚು ಪಾದ್ರಿಗಳು ಸರ್ಕಾರಿ ಚರ್ಚಿನ ಮನೆ, ಸಂಬಳ ಎರಡನ್ನೂ ಬಿಟ್ಟು ಹೊರಬಂದು ಬೇರೆ ಚರ್ಚು ಕಟ್ಟಿದರಲ್ಲ, ನಾವೂ ಅವರ ಹಿಂದೆಯೇ ಬಂದವರು. ಅದಾದ ಮೇಲೆ ಆಲೂಗೆಡ್ಡೆಗೆ ರೋಗ ಬಂತು. ಕೈಯಲ್ಲಿ ಕಾಸಿಲ್ಲದ ಮೇಲೆ ಯಾರು ಬಾಗಿಲು ಮಾಡಿಸುತ್ತಾರೆ, ಯಾರು ಕಿಟಕಿ ಕೂರಿಸುತ್ತಾರೆ? ಇವರ ಉಳಿ ಗರಗಸಗಳಿಗೆ ವಾರದಲ್ಲಿ ಅರ್ಧಕ್ಕರ್ಧ ದಿನಗಳು ರಜಾ. ಅದೇ ಹೊತ್ತಿಗೆ ಈ ವಲಸೆಯ ಮುಂದಾಳು ಕ್ಯಾಪ್ಟನ್ ಕಾರ್ಗಿಲ್ ಅವರೂ ಪಾದ್ರಿ ಥಾಮಸ್ ಬರ್ನ್ಸ್ ಅವರೂ ಊರೂರಿಗೆ ಹೋಗಿ ನ್ಯೂಜಿಲ್ಯಾಂಡಿನ ಈ ಒಟಾಗೊ ಸೀಮೆಯ ಬಗ್ಗೆ ಹೇಳುತ್ತಿದ್ದರು. ನಮ್ಮದೇ ಚರ್ಚು, ನಮ್ಮದೇ ಶಾಲೆ, ದುಡಿದರೆ ಭೂಮಿ ಅಂತ. ನಮ್ಮ ಯಜಮಾನರು ಒಂದು ರಾತ್ರಿ ಕೇಳಿಬಂದರು. ಮರುದಿನದಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಪಾದ್ರಿ ಬರ್ನ್ಸ್ ಅಂದರೆ ಯಾರು ಅಂತ ಕೇಳುವವರಿಗೆ ಹೇಳುತ್ತೇನೆ, ಕವಿ ರಾಬರ್ಟ್ ಬರ್ನ್ಸ್ ಈ ಪಾದ್ರಿಗೆ ದೊಡ್ಡಪ್ಪ ಆಗಬೇಕು. ಆದರೆ ಗುಣದಲ್ಲಿ ಒಂದು ಚೂರೂ ಹೋಲಿಕೆ ಇಲ್ಲ. ಪಾದ್ರಿಯ ಎದುರಿಗೆ ದೊಡ್ಡಪ್ಪನ ಪದ್ಯ ಹಾಡೋಕೆ ಹಡಗಿನಲ್ಲಿ ಯಾರಿಗೂ ಧೈರ್ಯ ಬರಲಿಲ್ಲ.

ಈಗ ಕಾಗದ ಪತ್ರದ ವಿಷಯ. ಅರ್ಜಿ ಹೋಗುವುದು ಎಡಿನ್‌ಬರೋದ ಒಟಾಗೊ ಅಸೋಸಿಯೇಷನ್ ಕಚೇರಿಗೆ, ಜನರನ್ನು ಇಲ್ಲಿಗೆ ಕಳಿಸುವವರು ಅವರೇ. ಅಲ್ಲಿ ಕಾರ್ಯದರ್ಶಿ ಜಾನ್ ಮೆಕ್‌ಗ್ಲಾಶನ್ ಅವರು. ಅರ್ಜಿ ಬರೆಯುವುದು ಕಷ್ಟವಲ್ಲ, ಜೊತೆಗೆ ಇಡುವ ಚೀಟಿಗಳನ್ನು ಹೊಂದಿಸುವುದು ಕಷ್ಟ. ನಡತೆ ಒಳ್ಳೆಯದು ಅಂತ ಪಾದ್ರಿಯ ಚೀಟಿ ಬೇಕು. ಕೆಲಸ ಬರುತ್ತೆ ಅಂತ ಕೆಲಸ ಕೊಟ್ಟವರ ಚೀಟಿ ಬೇಕು. ಆರೋಗ್ಯಕ್ಕೆ ಡಾಕ್ಟರದ್ದು. ಮಕ್ಕಳಿಗೆ ಸಿಡುಬಿನ ಚುಚ್ಚು ಹಾಕಿಸಿದ್ದರೆ ಅದನ್ನೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಬೇರೆ ಚೀಟಿ ಅಂದರೆ ಬೇರೆ ಫೀಸು.

ನಾವು ಸಿಕ್ಕಿಹಾಕಿಕೊಂಡಿದ್ದು ಮದುವೆಯ ದಾಖಲೆಯಲ್ಲಿ. ನಮ್ಮ ಮದುವೆ ಆಗಿದ್ದು 1838ರಲ್ಲಿ. ದೊಡ್ಡ ಮಗಳ ದೀಕ್ಷಾಸ್ನಾನ 1840ರಲ್ಲಿ. ಎರಡೂ ಇರುವುದು ಹಳೇ ಚರ್ಚಿನ ಪುಸ್ತಕದಲ್ಲಿ. ಅಂದರೆ ನಾವು ಬೆನ್ನು ತಿರುಗಿಸಿ ಬಂದ ಚರ್ಚಿನಲ್ಲಿ! ಚಿಕ್ಕವರಿಬ್ಬರದ್ದು ಮಾತ್ರ ನಮ್ಮ ಹೊಸ ಚರ್ಚಿನ ಪುಸ್ತಕದಲ್ಲಿದೆ. ನಕಲು ಕೇಳೋಕೆ ಹೋದರೆ ಅಲ್ಲಿಯ ಗುಮಾಸ್ತ ಇವರನ್ನು ಮೇಲಿಂದ ಕೆಳಗೆ ನೋಡಿ, "ಈಗ ಜ್ಞಾಪಕ ಬಂತಾ?" ಅಂದನಂತೆ. ಪುಸ್ತಕ ಇವತ್ತು ಸಿಗಲ್ಲ, ನಾಳೆ ಬಾ ಅಂದ. ನಾಳೆ ಹೋದರೆ ಮುಂದಿನ ವಾರ. ಇವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರೋದು, ಆದರೂ ಸುಮ್ನೆ ನಿಂತು ಫೀಸು ಕೊಟ್ಟು ತಂದರು. ನೀವು ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಅಲ್ಲಿ ಜಗಳ ಮಾತ್ರ ಬೇಡ. ಪುಸ್ತಕ ಅವರ ಕೈಯಲ್ಲಿದೆ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಸ್ಟೀರೇಜ್, ಅಂದರೆ ಡೆಕ್ಕಿನ ಕೆಳಗಿನ ಅಂತಸ್ತಿಗೆ, ದೊಡ್ಡವರಿಗೆ ತಲೆಗೆ 16 ಗಿನಿ. ಒಂದು ಗಿನಿಗೆ 21 ಶಿಲಿಂಗ್. ಹಡಗಿನ ಮುಂಭಾಗದ ಕ್ಯಾಬಿನ್ನಿಗೆ 20 ಗಿನಿ. ದೊಡ್ಡ ಕ್ಯಾಬಿನ್ನಿನ ದರ ಕೇಳಿ ನಮಗೆ ಆಗಬೇಕಾದ್ದು ಏನೂ ಇಲ್ಲ. ಇಷ್ಟು ದುಡ್ಡು ಬಡಗಿಯ ಮನೆಯಲ್ಲಿ ಎಲ್ಲಿಂದ ಬರಬೇಕು? ಪೂರ್ತಿ ಕೊಡಬೇಕಾಗಿಲ್ಲ ಅನ್ನುವುದೇ ಸಮಾಧಾನ. ಇಲ್ಲಿಯ ಜಮೀನು ಮಾರಿ ಬಂದ ದುಡ್ಡಿನಲ್ಲಿ ಎಂಟರಲ್ಲಿ ಮೂರು ಪಾಲು ಕೆಲಸಗಾರರನ್ನು ಕರೆತರುವುದಕ್ಕೆ ಅಂತ ಇಟ್ಟಿದ್ದಾರೆ. ಎಂಟರಲ್ಲಿ ಒಂದು ಪಾಲು ಚರ್ಚಿಗೆ, ಶಾಲೆಗೆ. ಕೈಕೆಲಸ ಬರುವವರಿಗೆ, ಹೊಲದ ಕೆಲಸದವರಿಗೆ, ಮಕ್ಕಳಿರುವ ಚಿಕ್ಕ ವಯಸ್ಸಿನ ಗಂಡ ಹೆಂಡಿರಿಗೆ ಸಹಾಯ ಬೇಗ ಸಿಗುತ್ತದೆ. ಗಟ್ಟಿಯಾಗಿ ಕೇಳಿ. ನಾಚಿಕೊಂಡು ಕೂತರೆ ಯಾರೂ ಕರೆದು ಕೊಡುವುದಿಲ್ಲ.

ಆದರೆ ಟಿಕೆಟ್ಟಿನ ದುಡ್ಡು ಒಂದು, ಕೈಖರ್ಚಿನ ದುಡ್ಡು ಇನ್ನೊಂದು. ಮನೆ ಸಾಮಾನು ಮಾರಿದಾಗ ಅರ್ಧ ಬೆಲೆಯೂ ಹುಟ್ಟಲಿಲ್ಲ. ಹೊರಡುವವರು ಅಂತ ಗೊತ್ತಾದರೆ ಕೊಳ್ಳುವವರು ಕೊನೆಯ ದಿನದವರೆಗೂ ಕಾಯುತ್ತಾರೆ. ನನ್ನ ಅಮ್ಮ ಕೊಟ್ಟ ಗಡಿಯಾರವನ್ನು ಪಕ್ಕದ ಬೀದಿಯವರು ಎಷ್ಟಕ್ಕೆ ಕೇಳಿದರು ಅಂತ ಬರೆಯೋದಿಲ್ಲ. ಓದಿದರೆ ನೀವು ಅವರ ಮನೆ ಮುಂದೆ ಹೋಗಿ ಬೈಯುತ್ತೀರಿ.

ಗ್ರೀನಕ್ ಬಂದರಿಗೆ ಬರೋಕೆ ಹೇಳಿದ ದಿನಕ್ಕೆ ಸರಿಯಾಗಿ ಬಂದೆವು. ಹಡಗು ಮಾತ್ರ ತಯಾರಿರಲಿಲ್ಲ. ಸಾಮಾನು ಏರಿಸುವುದು ಮುಗಿದಿಲ್ಲ, ಗಾಳಿ ಸರಿಯಿಲ್ಲ, ಯಾರೋ ಬರಬೇಕು. ದಿನಕ್ಕೊಂದು ಕಾರಣ. ಬಂದರಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆವು. ಐದು ಜನಕ್ಕೆ ಒಂದೇ ಹಾಸಿಗೆ. ಬಾಡಿಗೆಯಾಕೆ ಪ್ರತಿ ಬೆಳಿಗ್ಗೆ ದುಡ್ಡಿಗೆ ಕೈ ಚಾಚುತ್ತಿದ್ದಳು. ವಲಸೆ ಹೋಗುವವರ ಹತ್ತಿರ ಗಂಟು ಇರುತ್ತೆ ಅಂತ ಆ ಬೀದಿಯವರಿಗೆಲ್ಲ ಗೊತ್ತು. ಹಡಗಿಗೆ ಬೇಕಾಗುತ್ತೆ ಅಂತ ತಗಡಿನ ತಟ್ಟೆ, ಲೋಟ, ನೀರಿನ ಡಬ್ಬ ಎಲ್ಲ ದುಪ್ಪಟ್ಟು ಬೆಲೆಗೆ ಮಾರುತ್ತಾರೆ. ಇವನ್ನೆಲ್ಲ ನಿಮ್ಮೂರಲ್ಲೇ ಕೊಂಡು ತನ್ನಿ. ಬಂದರಿನಲ್ಲಿ ಎರಡು ವಾರ ತಂಗುವಷ್ಟು ದುಡ್ಡು ಬೇರೆಯಾಗಿ ಕಟ್ಟಿಡಿ, ಮುಟ್ಟಬೇಡಿ.

ಕೊನೆಗೆ 1847ರ ನವೆಂಬರ್ 27, ಶನಿವಾರ, ಹಡಗು ಬಿಟ್ಟಿತು. ನಾವು 247 ಜನ. ಮೂರರಲ್ಲಿ ಒಂದು ಪಾಲು ಮಕ್ಕಳೇ. ಲಂಡನ್ ಕಡೆಯ ಗ್ರೇವ್ಸೆಂಡಿನಿಂದ ಜಾನ್ ವಿಕ್ಲಿಫ್ ಅನ್ನುವ ಇನ್ನೊಂದು ಹಡಗು ಮೂರು ದಿನ ಮೊದಲೇ ಹೊರಟಿತ್ತು. ಅದರಲ್ಲಿ ಕ್ಯಾಪ್ಟನ್ ಕಾರ್ಗಿಲ್ ಇದ್ದರು. ದಡದಲ್ಲಿ ನಿಂತವರು ಕೀರ್ತನೆ ಹಾಡಿದರು, ನಾವೂ ಹಾಡಿದೆವು. ಮೊದಲ ಸಾಲು ಬಂತು. ಎರಡನೇ ಸಾಲಿಗೆ ಗಂಟಲು ಕಟ್ಟಿತು. ನನ್ನ ಅತ್ತೆ ಬಂದಿರಲಿಲ್ಲ. ನೋಡಿದರೆ ಮಗನನ್ನು ಬಿಡೋಕಾಗಲ್ಲ ಅಂತ ಮನೆಯಲ್ಲೇ ಉಳಿದರು. ಇವರು ಆ ದಿನವಿಡೀ ಯಾರ ಹತ್ತಿರವೂ ಮಾತಾಡಲಿಲ್ಲ.

ಹೊರಟೆವು ಅಂದುಕೊಂಡರೆ ಹೊರಟಂತಾಗಲಿಲ್ಲ. ಬಿರುಗಾಳಿ ಎದುರಾಯಿತು. ಎಲ್ಲರಿಗೂ ವಾಂತಿ. ಹಡಗು ವೇಲ್ಸಿನ ಮಿಲ್ಫರ್ಡ್ ಹೇವನ್ ಸೇರಿ ಆಸರೆ ಪಡೆಯಿತು. ಅತ್ತ ಜಾನ್ ವಿಕ್ಲಿಫ್ ಕೂಡ ಪೋರ್ಟ್ಸ್‌ಮತ್‌ನಲ್ಲಿ ನಿಂತಿತ್ತು ಅಂತ ಆಮೇಲೆ ತಿಳಿಯಿತು. ನ್ಯೂಜಿಲ್ಯಾಂಡಿಗೆ ಹೊರಟವರು ಡಿಸೆಂಬರಿನಲ್ಲಿ ವೇಲ್ಸಿನ ಗುಡ್ಡ ನೋಡುತ್ತಾ ಕೂತಿದ್ದೆವು. ವಾಪಸ್ ಹೋಗಿಬಿಡೋಣ ಅನ್ನುವ ಮಾತು ಎಷ್ಟೋ ಕುಟುಂಬಗಳಲ್ಲಿ ಬಂದಿದ್ದು ಅಲ್ಲೇ. ದಡ ಕಣ್ಣಿಗೆ ಕಾಣುತ್ತಿರುತ್ತದೆ, ಅದೇ ತೊಂದರೆ. ನಾನೂ ಒಂದು ರಾತ್ರಿ ಇವರನ್ನು ಕೇಳಿದೆ. "ಗಡಿಯಾರ ಮಾರಿಯಾಯಿತಲ್ಲ, ಹೋಗಿ ಏನು ನೋಡ್ತೀಯಾ?" ಅಂದರು. ಇಬ್ಬರೂ ನಕ್ಕೆವು. ಅಲ್ಲಿಗೆ ಆ ಮಾತು ಮುಗಿಯಿತು. ಹೊಸ ವರ್ಷ ಸಮುದ್ರದ ಮೇಲೆಯೇ ಬಂತು.

ಸ್ಟೀರೇಜಿನ ಜೀವನ ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಅಲ್ಲೇ ಬರುವವರು. ಮೆಟ್ಟಿಲಿಳಿದರೆ ಹಗೇವಿನೊಳಗೆ ಇಳಿದ ಹಾಗೆ. ಬೆಳಕು ಮೇಲಿನ ಕಿಂಡಿಯಿಂದ ಮಾತ್ರ. ಎತ್ತರದ ಗಂಡಸರು ತಲೆ ತಗ್ಗಿಸಿಯೇ ಓಡಾಡಬೇಕು. ಎರಡೂ ಕಡೆ ಹಲಗೆಯ ಮಂಚ, ಒಂದರ ಮೇಲೊಂದು. ಗಂಡ ಹೆಂಡತಿ ಒಂದರಲ್ಲಿ, ಮಕ್ಕಳು ಪಕ್ಕದಲ್ಲೋ ಮೇಲೋ. ಮದುವೆಯಾಗದ ಗಂಡಸರು ಒಂದು ಕಡೆ, ಹೆಣ್ಣುಮಕ್ಕಳು ಇನ್ನೊಂದು ಕಡೆ, ನಡುವೆ ನಾವು ಸಂಸಾರಸ್ಥರು. ಮರೆ ಅನ್ನುವುದು ನೀವು ಕಟ್ಟಿಕೊಂಡರೆ ಮಾತ್ರ. ದಪ್ಪ ಬಟ್ಟೆಯ ಪರದೆ, ಹುರಿ, ನಾಲ್ಕು ಮೊಳೆ ತನ್ನಿ. ಮೊದಲ ದಿನವೇ ಹೊಡೆದುಬಿಡಿ. ಬಡಗಿಯ ಹೆಂಡತಿಯಾದ್ದರಿಂದ ನಮ್ಮ ಮಂಚಕ್ಕೆ ಒಂದು ಚಿಕ್ಕ ಕಪಾಟೂ ಬಂತು. ಅದನ್ನು ನೋಡಿ ಅಕ್ಕಪಕ್ಕದವರೆಲ್ಲ ಇವರ ಹಿಂದೆ ಬಿದ್ದರು.

ಪಡಿ ವಾರಕ್ಕೊಮ್ಮೆ ಕೊಡುತ್ತಾರೆ. ಕೆಲವರನ್ನು ಸೇರಿಸಿ ಒಂದು ಪಂಗಡ ಮಾಡಿ, ಅದಕ್ಕೊಬ್ಬ ಮುಖ್ಯಸ್ಥ. ಅವನು ಹೋಗಿ ಎಲ್ಲರ ಪಡಿ ತರಬೇಕು. ಉಪ್ಪಲ್ಲಿಟ್ಟ ದನದ ಮಾಂಸ, ಹಂದಿ ಮಾಂಸ, ಗಟ್ಟಿ ಬಿಸ್ಕತ್ತು, ಗೋದಿ ಹಿಟ್ಟು, ಓಟ್ಸ್, ಅಕ್ಕಿ, ಬಟಾಣಿ, ಟೀ, ಸಕ್ಕರೆ. ಹಿಟ್ಟು ಕಲಸಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಅದಕ್ಕೊಂದು ಗುರುತು ಹಾಕಿ, ಅಡುಗೆ ಕೋಣೆಗೆ ಕೊಡಬೇಕು. ಗುರುತು ಸರಿಯಾಗಿ ಹಾಕಿ. ಬೇರೆಯವರ ಕಡುಬು ನಿಮ್ಮ ತಟ್ಟೆಗೆ ಬಂದರೆ ತೊಂದರೆಯಿಲ್ಲ, ನಿಮ್ಮದು ಬೇರೆಯವರ ತಟ್ಟೆಗೆ ಹೋದರೆ ಜಗಳ. ಹಡಗಿನಲ್ಲಿ ನಡೆದ ಜಗಳಗಳಲ್ಲಿ ಅರ್ಧ ಈ ಚೀಲಗಳದ್ದೇ.

ನೀರು ದಿನಕ್ಕೆ ತಲೆಗೆ 3 ಕ್ವಾರ್ಟ್. ಮುಕ್ಕಾಲು ಗ್ಯಾಲನ್ ಆಯಿತು. ಕುಡಿಯೋಕೆ, ಅಡುಗೆಗೆ, ಮುಖಕ್ಕೆ ಎಲ್ಲ ಅದೇ. ಹದಿನಾಲ್ಕರ ಒಳಗಿನ ಮಗು ಅಂದರೆ ಅರ್ಧ ಆಳು. ಒಂದು ವರ್ಷದ ಒಳಗಿನ ಕೂಸು ಪಡಿಯ ಲೆಕ್ಕಕ್ಕೇ ಇಲ್ಲ. ತಾಯಂದಿರು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಲೆಕ್ಕಕ್ಕಿಲ್ಲದ ಆ ಕೂಸಿಗೆ ನೀವು ಏನು ತಿನ್ನಿಸುತ್ತೀರಿ? ಉಪ್ಪು ಮಾಂಸ ಆಗುತ್ತಾ? ಕಲ್ಲಿನಂಥ ಬಿಸ್ಕತ್ತು ಆಗುತ್ತಾ? ಸಬ್ಬಕ್ಕಿ, ಆರೋರೂಟ್ ಹಿಟ್ಟು, ಚೆನ್ನಾಗಿ ಒಣಗಿಸಿದ ಓಟ್ಸ್ ರೊಟ್ಟಿ, ಸ್ವಲ್ಪ ಜಾಮ್ ನಿಮ್ಮ ಕೈಯಿಂದಲೇ ತನ್ನಿ. ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಡಿ. ಅದು ಹಡಗಿನ ಹೊಟ್ಟೆಯೊಳಗೆ ಹೋದರೆ ಮತ್ತೆ ಕೈಗೆ ಸಿಗುವುದು ಯಾವಾಗಲೋ.

ದಾರಿಯಲ್ಲಿ ಮಕ್ಕಳು ಹುಟ್ಟಿದ್ದೂ ಉಂಟು, ಹೋಗಿದ್ದೂ ಉಂಟು. ನಮ್ಮ ಪಕ್ಕದ ಮಂಚದ ಕೂಸು ಹೋಯಿತು. ಆ ತಾಯಿ ಹಾಡಿ ಮಲಗಿಸುತ್ತಿದ್ದ ದನಿ ಹಿಂದಿನ ರಾತ್ರಿವರೆಗೂ ಹಲಗೆಯ ಆಚೆಯಿಂದ ಕೇಳುತ್ತಿತ್ತು. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಆಕೆಯೂ ಈ ಊರಲ್ಲೇ ಇದ್ದಾಳೆ.

ಬಟ್ಟೆ ಒಗೆಯುವುದು ಇನ್ನೊಂದು ಕಥೆ. ಸಿಹಿ ನೀರು ಒಗೆಯಲು ಕೊಡುವುದಿಲ್ಲ. ಉಪ್ಪು ನೀರಿನಲ್ಲಿ ಮನೆಯ ಸೋಪು ನೊರೆ ಬರುವುದಿಲ್ಲ, ಬಟ್ಟೆಗೆ ಅಂಟಿಕೊಳ್ಳುತ್ತದೆ. ಸಮುದ್ರದ ನೀರಿಗೆ ಅಂತಲೇ ಬೇರೆ ಸೋಪು ಸಿಗುತ್ತದೆ, ಅದನ್ನು ತನ್ನಿ. ಮಳೆ ಬಂತು ಅಂದರೆ ಹೆಂಗಸರೆಲ್ಲ ಬಕೆಟ್ ಹಿಡಿದು ಮೇಲೆ ಓಡುತ್ತೇವೆ. ಉಪ್ಪು ನೀರಲ್ಲಿ ಒಗೆದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಮಕ್ಕಳ ಮೈಯೆಲ್ಲ ಕೆರೆತ. ಒಳಬಟ್ಟೆ ಎಷ್ಟು ಸಾಧ್ಯವೋ ಅಷ್ಟು ಹೊಲಿಸಿ ತನ್ನಿ. ಕೊಳೆಯಾದದ್ದನ್ನು ಕಟ್ಟಿಟ್ಟು ಹೊಸದನ್ನು ಹಾಕಿಕೊಳ್ಳುವುದೇ ಉಪಾಯ.

ಹಡಗಿನ ದಿನಚರಿಯನ್ನು ಪಾದ್ರಿ ಬರ್ನ್ಸ್ ಬಿಗಿಯಾಗಿ ಇಟ್ಟಿದ್ದರು. ಬೆಳಿಗ್ಗೆ ಪ್ರಾರ್ಥನೆ, ಸಂಜೆ ಪ್ರಾರ್ಥನೆ, ಭಾನುವಾರ ಪ್ರಸಂಗ. ಹಾಸಿಗೆ ಸುತ್ತಿ ಮೇಲೆ ತಂದು ಗಾಳಿಗೆ ಹಾಕಬೇಕು, ಕೆಳಗೆ ಗುಡಿಸಿ ಉಜ್ಜಬೇಕು. ಮಕ್ಕಳಿಗೆ ಶಾಲೆ ನಡೆಯಿತು. ಮೇಷ್ಟ್ರು ಜೇಮ್ಸ್ ಬ್ಲ್ಯಾಕಿ ನಮ್ಮ ಹಡಗಿನಲ್ಲೇ ಇದ್ದರು. ಕೆಲವರಿಗೆ ಇದೆಲ್ಲ ಅತಿಯಾಯಿತು. ಯುವಕರು ಹಿಂದೆ ಗೊಣಗುತ್ತಿದ್ದರು. ನನಗೆ ಮಾತ್ರ ಇದು ಒಳ್ಳೆಯದೇ ಅನ್ನಿಸಿತು. ಮಕ್ಕಳು ಸ್ಲೇಟು ಹಿಡಿದು ಕೂತ ಹೊತ್ತು ನಮಗೆ ಬಿಡುವು, ಅಲ್ವಾ? ನನ್ನ ಮಗ ಅಕ್ಷರ ಕಲಿತಿದ್ದು ಹಡಗಿನ ಡೆಕ್ಕಿನ ಮೇಲೆ.

ಕೆಟ್ಟ ರಾತ್ರಿಗಳು ಇದ್ದವು. ಬಿರುಗಾಳಿ ಬಂದರೆ ಮೇಲಿನ ಕಿಂಡಿಗಳನ್ನು ಮುಚ್ಚಿಬಿಡುತ್ತಾರೆ. ಕೆಳಗೆ ಕತ್ತಲೆ. ಬಕೆಟ್ ಉರುಳುವ ಸದ್ದು, ವಾಸನೆ, ಅಳು. ಬೆಂಕಿ ಹೊತ್ತಿಸುವ ಹಾಗಿಲ್ಲ, ಆದ್ದರಿಂದ ಬಿಸಿ ಗಂಜಿಯೂ ಇಲ್ಲ. ಅಂಥ ದಿನಕ್ಕೆ ಕೈಗೆಟುಕುವಲ್ಲಿ ಒಣ ರೊಟ್ಟಿ ಇಟ್ಟುಕೊಳ್ಳಿ. ಬಿಸಿಲು ನಾಡಿನ ಸಮುದ್ರಕ್ಕೆ ಬಂದಾಗ ಸೆಕೆಗೆ ಕೆಳಗೆ ಮಲಗೋಕೆ ಆಗುತ್ತಿರಲಿಲ್ಲ. ಆಫ್ರಿಕಾದ ಕೊನೆಯನ್ನು ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು. ಹಡಗು ಓಡಿತು, ಜೊತೆಗೆ ಚಳಿಯೂ ಬಂತು. ಉಣ್ಣೆ ಬಟ್ಟೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿದವರು ಆ ವಾರಗಳಲ್ಲಿ ಹಾಸಿಗೆ ಸುತ್ತಿಕೊಂಡೇ ಓಡಾಡಿದರು. ಒಟ್ಟಿನಲ್ಲಿ ಸಮುದ್ರ ಇಷ್ಟೇ. ಕಷ್ಟವೇ, ಆದರೆ ಅಲ್ಲಿ ನಮಗೆ ಮಾಡಬೇಕಾದ್ದು ಏನೂ ಇರಲಿಲ್ಲ. ಹಡಗು ತಾನಾಗಿ ಮುಂದೆ ಹೋಗುತ್ತಿರುತ್ತದೆ.

1848ರ ಏಪ್ರಿಲ್ 15ಕ್ಕೆ ಒಟಾಗೊ ಬಂದರಿನ ಒಳಗೆ ಬಂದೆವು. ಅದೂ ಶನಿವಾರ. ಎರಡೂ ಕಡೆ ಗುಡ್ಡ, ನೀರಿನ ಅಂಚಿನವರೆಗೂ ದಟ್ಟ ಕಾಡು. ಹಕ್ಕಿಗಳ ಕೂಗು ಹಡಗಿನವರೆಗೂ ಕೇಳುತ್ತಿತ್ತು. ಜಾನ್ ವಿಕ್ಲಿಫ್ ಮಾರ್ಚ್ 23ಕ್ಕೇ ಬಂದು ನಿಂತಿತ್ತು. ಅಲ್ಲಿಯವರು ಕೂಗಿದರು, ನಾವೂ ಕೂಗಿದೆವು. ಮರುದಿನ ಭಾನುವಾರ, ಯಾರೂ ಪೆಟ್ಟಿಗೆ ಮುಟ್ಟಲಿಲ್ಲ. ಪ್ರಾರ್ಥನೆ ಮಾಡಿ, ಕಣ್ಣೆದುರಿನ ನೆಲವನ್ನು ನೋಡುತ್ತಾ ಕೂತೆವು.

ಸೋಮವಾರ ಇಳಿಯುತ್ತೇವೆ ಅಂದುಕೊಂಡಿದ್ದೆ. ಇಳಿದವರು ಗಂಡಸರು. ನಾವು ಹೆಂಗಸರು ಮಕ್ಕಳು ವಾರಗಟ್ಟಲೆ ಹಡಗಿನಲ್ಲೇ ಉಳಿದೆವು.

ಕಾರಣ ಸುಲಭ. ಹಡಗು ನಿಲ್ಲುವ ಜಾಗಕ್ಕೆ ಇಲ್ಲಿಯ ಮೂಲ ಜನ ಮಾವೊರಿಗಳು ಕೊಪುಟೈ ಅನ್ನುತ್ತಾರೆ. ಈಗ ಅದಕ್ಕೆ ಪೋರ್ಟ್ ಚಾಮರ್ಸ್ ಅಂತ ಹೆಸರು, 1847ರಲ್ಲಿ ತೀರಿಕೊಂಡ ನಮ್ಮ ಹೊಸ ಚರ್ಚಿನ ಹಿರಿಯ ಪಾದ್ರಿ ಡಾಕ್ಟರ್ ಥಾಮಸ್ ಚಾಮರ್ಸ್ ಅವರ ನೆನಪಿಗೆ. ಡನೀಡಿನ್ ಊರು ಅಲ್ಲಿಂದ ಎಂಟು ಮೈಲಿ ಒಳಗೆ. ದಾರಿಯಿಲ್ಲ, ದೋಣಿಯಲ್ಲೇ ಹೋಗಬೇಕು. ನೀರು ಇಳಿದಾಗ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ. ಊರು ಅಂದರೂ ಸರ್ವೇಯರ್ ಚಾರ್ಲ್ಸ್ ಕೆಟಲ್ ನೆಟ್ಟ ಗೂಟಗಳು, ಬೆರಳೆಣಿಕೆಯ ಮನೆಗಳು. ನಕ್ಷೆಯಲ್ಲಿ ಎಡಿನ್‌ಬರೋದ ಬೀದಿಗಳ ಹೆಸರೆಲ್ಲ ಇವೆ. ಪ್ರಿನ್ಸಸ್ ಸ್ಟ್ರೀಟ್ ನೋಡೋಕೆ ಇವರು ಆಸೆಯಿಂದ ಹೋದರು. ಮೊಣಕಾಲುದ್ದ ಕೆಸರು, ಕುರುಚಲು ಗಿಡ. ವಾಪಸ್ ಬಂದು, "ಅಂಗಡಿಗಳು ಇನ್ನೂ ತೆಗೆದಿಲ್ಲ" ಅಂದರು.

ಗಂಡಸರು ದಡದ ಹತ್ತಿರ ಹುಲ್ಲಿನ ಉದ್ದ ಚಪ್ಪರಗಳನ್ನು ಕಟ್ಟಿಕೊಂಡು ಅದರಲ್ಲಿ ಮಲಗಿದರು. ಆಮೇಲೆ ಒಬ್ಬೊಬ್ಬರಾಗಿ ಮನೆ ಕೆಲಸ ಹಿಡಿದರು. ನಾವು ಅದೇ ಮಂಚ, ಅದೇ ಕತ್ತಲೆ, ಅದೇ ಬಕೆಟ್. ಸಮುದ್ರದ ಮೇಲೆ ಇದನ್ನೆಲ್ಲ ಸಹಿಸಿಕೊಂಡಿದ್ದೆವು. ನೆಲ ನೂರು ಗಜ ದೂರದಲ್ಲಿರುವಾಗ ಸಹಿಸುವುದು ಬೇರೆ. ಪ್ರಯಾಣದುದ್ದಕ್ಕೂ ಒಂದು ಮಾತಾಡದ ಹೆಂಗಸರು ಇಲ್ಲಿ ಕೂತು ಒಬ್ಬರಿಗೊಬ್ಬರು ಕಿತ್ತಾಡಿದರು. ಮಕ್ಕಳು ಕೇಳುತ್ತಿದ್ದರು, ಅಪ್ಪ ಎಲ್ಲಿ? ಇವರು ಬರುವುದು ಯಾವಾಗಲೋ. ಬಂದಾಗ ಬಟ್ಟೆಯೆಲ್ಲ ಕೆಸರು. ಒಗೆದು ಕೊಡೋಣ ಅಂದರೆ ಒಣಗಿಸಲು ಬಿಸಿಲಿಲ್ಲ.

ಬಿಸಿಲು ಯಾಕಿಲ್ಲ ಅಂದರೆ, ಇಲ್ಲಿ ಎಲ್ಲ ತಿರುವುಮುರುವು. ಏಪ್ರಿಲ್ ಅಂದರೆ ಚಳಿಗಾಲದ ಹೊಸ್ತಿಲು. ನಾವು ಬಂದ ಮೇಲೆ ಮಳೆ ಹಿಡಿಯಿತು. ಬಿತ್ತನೆಗೆ ಕಾಲ ಮೀರಿತ್ತು. ಬ್ಲಂಡೆಲ್‌ನವರು ಗ್ರೀನಕ್‌ನಿಂದ ಮೇ ತಿಂಗಳಲ್ಲಿ ಹೊರಟು ಸೆಪ್ಟೆಂಬರಿಗೆ ಬಂದರು, ಅಂದರೆ ವಸಂತಕ್ಕೆ. ಇಳಿದ ಮೇಲೆ ಅವರು ನಗುತ್ತಾ ಆಲೂಗೆಡ್ಡೆ ನೆಟ್ಟರು. ನಿಮ್ಮ ಕೈಯಲ್ಲಿದ್ದರೆ ಮೇ, ಜೂನಿನಲ್ಲಿ ಹೊರಡುವ ಹಡಗನ್ನೇ ಹಿಡಿಯಿರಿ. ಚಳಿಗಾಲದ ಹಡಗಿನಲ್ಲಿ ಜಾಗ ಬೇಗ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಿ, ಆದರೆ ಹತ್ತಬೇಡಿ.

ಮನೆಯ ವಿಷಯದಲ್ಲಿ ಇವರಿಗೆ ಆದ ಪಾಠ ದೊಡ್ಡದು. ಊರಿನಿಂದ ತಂದ ಉಜ್ಜುಗೊರಡು, ಸಣ್ಣ ಉಳಿಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು. ಹಲಗೆ ಕೊಯ್ದು ಒಣಗಿಸಿ ಚೌಕಟ್ಟು ಮಾಡುವಷ್ಟು ಹೊತ್ತಿಲ್ಲ. ಇಲ್ಲಿಯ ಮಾವೊರಿಗಳು ಕೂಲಿಗೆ ಬಂದು ಮನೆ ಕಟ್ಟಿಕೊಡುತ್ತಾರೆ. ಮನೂಕ ಅನ್ನುವ ಗಿಡದ ಕೋಲು ನೆಟ್ಟು, ಅಡ್ಡಡ್ಡ ಕಟ್ಟಿ ತಡಿಕೆ ಮಾಡಿ, ಜೇಡಿಮಣ್ಣು ಮೆತ್ತಿ, ಮೇಲೆ ಹುಲ್ಲು ಹೊದಿಸುತ್ತಾರೆ. ಒಂದು ಮೊಳೆಯಿಲ್ಲ. ಎಲ್ಲ ಇಲ್ಲಿಯ ಉದ್ದೆಲೆಯ ನಾರಿನ ಗಿಡದಿಂದ ಬಿಗಿದ ಕಟ್ಟು. ಇವರು ಮೊದಲು ದೂರ ನಿಂತು ನೋಡಿದರು, ಆಮೇಲೆ ಹತ್ತಿರ ಹೋಗಿ ಆ ಗಂಟು ಹಾಕುವುದನ್ನು ಕಲಿತರು. ಈಗ ಹೊಸದಾಗಿ ಬಂದವರಿಗೆ ಇವರೇ ಕಲಿಸುತ್ತಾರೆ. ಬಾಗಿಲು, ಕಿಟಕಿ ಉತ್ತರಕ್ಕೆ ಇಡಿ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಬೆಳಕು ಕೊಡುತ್ತಾನೆ. ಪಕ್ಕದವರೊಬ್ಬರು ಊರಿನ ರೂಢಿಯಂತೆ ದಕ್ಷಿಣಕ್ಕೆ ಇಟ್ಟು, ಚಳಿಗಾಲವೆಲ್ಲ ನಡುಹಗಲಿನಲ್ಲಿ ದೀಪ ಹಚ್ಚಿದರು.

ಆ ಚಳಿಗಾಲ ನಮ್ಮ ಹೊಟ್ಟೆ ತುಂಬಿಸಿದವರೂ ಮಾವೊರಿಗಳೇ. ದೋಣಿಗಳಲ್ಲಿ ಮೀನು, ಆಲೂಗೆಡ್ಡೆ, ಹಂದಿ ಮಾಂಸ ತರುತ್ತಿದ್ದರು. ವ್ಯಾಪಾರದಲ್ಲಿ ಗಟ್ಟಿಗರು. ತಿಮಿಂಗಿಲ ಬೇಟೆಯ ಹಡಗಿನವರ ಜೊತೆ ಮೊದಲಿಂದ ವ್ಯವಹಾರ ಮಾಡಿ ಇಂಗ್ಲಿಷ್ ಬರುತ್ತದೆ. ಕಂಬಳಿ, ಅಂಗಿಗೆ ಒಳ್ಳೆಯ ಬೆಲೆ. ಈ ಒಟಾಗೊ ನೆಲವನ್ನು ಅವರಿಂದ 1844ರ ಜುಲೈ 31ರಂದು ಕೊಂಡದ್ದು 2,400 ಪೌಂಡಿಗೆ, 4,00,000 ಎಕರೆ. ಇವರು ಒಂದು ರಾತ್ರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದರು. ಪೌಂಡಿಗೆ 240 ಪೆನ್ನಿಯಂತೆ ಎಕರೆಗೆ ಒಂದೂವರೆ ಪೆನ್ನಿಯೂ ಬೀಳಲಿಲ್ಲ. ನಮಗೆ ಮಾರುವುದು ಎಕರೆಗೆ 2 ಪೌಂಡಿಗೆ. ರಸ್ತೆ, ಸರ್ವೆ, ಚರ್ಚು, ಹಡಗು ಎಲ್ಲದಕ್ಕೂ ಅದರಿಂದಲೇ ಖರ್ಚು ಅನ್ನುತ್ತಾರೆ, ಸರಿ. ಆದರೂ ಆ ಲೆಕ್ಕ ನೋಡಿದ ಮೇಲೆ ಮೀನು ತರುವ ಮುದುಕನ ಹತ್ತಿರ ಚೌಕಾಸಿ ಮಾಡೋಕೆ ನನಗೆ ಬಾಯಿ ಬರುವುದಿಲ್ಲ.

ಜಮೀನು ಕೊಳ್ಳುವ ಆಸೆಯಿದ್ದವರಿಗೆ: ಒಂದು ಪಾಲು ಅಂದರೆ ಅರವತ್ತೂಕಾಲು ಎಕರೆ. ಊರೊಳಗೆ ಕಾಲು ಎಕರೆ, ಊರಂಚಿನಲ್ಲಿ 10, ಹೊರಗೆ 50. ಬೆಲೆ 120 ಪೌಂಡ್ 10 ಶಿಲಿಂಗ್. ದುಡ್ಡಿದ್ದವರು ಏಪ್ರಿಲ್ 21ರಂದು ಸರದಿ ಚೀಟಿ ಎತ್ತಿ ತಮ್ಮ ಜಾಗ ಆರಿಸಿಕೊಂಡರು. ನಮ್ಮಂಥವರು ನಿಂತು ನೋಡಿದೆವು. ಸದ್ಯಕ್ಕೆ ಕೂಲಿ ಕೆಲಸ ಇದೆ, ರಸ್ತೆ ಮಾಡುವ ಆಳಿಗೆ ದಿನಕ್ಕೆ 3 ಶಿಲಿಂಗ್. ಬಡಗಿಗೆ ಅದಕ್ಕಿಂತ ಮೇಲೆ. ಆದರೆ ಮಳೆ ಬಂದ ದಿನ ಕೆಲಸವಿಲ್ಲ, ಕೂಲಿಯೂ ಇಲ್ಲ. ಉಗ್ರಾಣದಲ್ಲಿ ಹಿಟ್ಟಿನ ಬೆಲೆ ಮಳೆಗೆ ಕಡಿಮೆಯಾಗುವುದಿಲ್ಲ. ಇಳಿದ ಮೇಲೆ ಮೂರು ತಿಂಗಳು ಬದುಕುವಷ್ಟು ದುಡ್ಡು ಕೈಯಲ್ಲಿಟ್ಟುಕೊಂಡು ಬನ್ನಿ. ಅಷ್ಟಿಲ್ಲದಿದ್ದರೆ ಇನ್ನೊಂದು ವರ್ಷ ಊರಲ್ಲೇ ದುಡಿದು ಬನ್ನಿ. ಕಾಡು ಎಲ್ಲಿಗೂ ಓಡಿಹೋಗುವುದಿಲ್ಲ.

ಸೆಪ್ಟೆಂಬರ್ 3ಕ್ಕೆ ಚರ್ಚು ತೆರೆಯಿತು. ಚಿಕ್ಕದು, ಮರದ್ದು. ಶಾಲೆಯೂ ಅದೇ ಕಟ್ಟಡದಲ್ಲಿ, ಮೇಷ್ಟ್ರು ಬ್ಲ್ಯಾಕಿಯವರೇ. ಆ ಬಾಗಿಲಿನ ಕೆಲಸದಲ್ಲಿ ಇವರ ಕೈಯೂ ಇದೆ ಅಂತ ಮಗಳು ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ. ಈ ತಿಂಗಳು ಊರಿಗೊಂದು ಪತ್ರಿಕೆಯೂ ಶುರುವಾಗಿದೆ. ಚಳಿಗಾಲದಲ್ಲಿ ಜಗಳವಾಡಿದ ಹೆಂಗಸರೆಲ್ಲ ಈಗ ಒಬ್ಬರ ಮನೆಗೊಬ್ಬರು ಹಿಟ್ಟು ಸಾಲ ಕೇಳಿಕೊಂಡು ಹೋಗುತ್ತಾರೆ. ನನ್ನ ಬಾಗಿಲ ಮುಂದೆ ಬಟಾಣಿ ಹೂ ಬಿಟ್ಟಿದೆ.

ಬರಲೋ ಬೇಡವೋ ಅಂತ ತಂಗಿ ಕೇಳಿದ್ದಾಳೆ. ಬಾ. ಆದರೆ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಬರಬೇಡ. ಅದು ನಡೆಯುವ ಹಾಗಾಗಲಿ, ಪಡಿಯ ಲೆಕ್ಕಕ್ಕೆ ಬರಲಿ, ಆಮೇಲೆ ಬಾ. ಸಾಮಾನನ್ನು ಮೂರು ಭಾಗ ಮಾಡಿಕೋ. ಮಂಚದ ಹತ್ತಿರ ಇಡುವುದು ಒಂದು. ದಾರಿ ನಡುವೆ ಪೆಟ್ಟಿಗೆ ತೆಗೆಯೋಕೆ ಬಿಟ್ಟಾಗ ಬೇಕಾಗುವುದು ಒಂದು. ಇಳಿದ ಮೇಲೆ ಹಡಗಿನಲ್ಲೋ ಚಪ್ಪರದಲ್ಲೋ ಕಾಯುವ ದಿನಗಳಿಗೆ ಅಂತ ಮೂರನೆಯದು: ಒಣ ಬೂಟು, ಎಣ್ಣೆ ಹಚ್ಚಿದ ದಪ್ಪ ಬಟ್ಟೆ, ಕಬ್ಬಿಣದ ಮಡಕೆ, ಮೇಣದ ಬತ್ತಿ, ಎಲೆಕೋಸು ಬೀಜ, ಟರ್ನಿಪ್ ಬೀಜ. ಗಾಜಿನ ಸಾಮಾನು, ಕುರ್ಚಿ ತರಬೇಡ. ಕುರ್ಚಿ ನಿಮ್ಮ ಭಾವ ಮಾಡಿಕೊಡುತ್ತಾರೆ. ಅದಕ್ಕೆ ಬೇಕಾದ ಎರಡು ಇಂಚಿನ ಮೊಳೆ ಮಾತ್ರ ಒಂದು ಚೀಲ ತಾ. ಇಲ್ಲಿ ಅದರ ಬೆಲೆ ಕೇಳುವ ಹಾಗಿಲ್ಲ. ದುಡ್ಡು ನೀನು ಬಂದ ಮೇಲೆ ಕೊಡುತ್ತೇವೆ.